ಲಾಳಿಯ ಮನೆಗೆ ಬಂದ ರಂಪಿಗೆ

ನಮ್ಮ ಮನೆಯಲ್ಲಿ ತೊಗಲು ಮುಟ್ಟಿದರೆ ಕೈ ತೊಳೆಯಬೇಕಾಗಿತ್ತು. ಬೆಟಗೇರಿಯ ನೇಕಾರರ ಓಣಿಯಲ್ಲಿ ಹುಟ್ಟಿದವನು ನಾನು. ಪಡಸಾಲೆಯಲ್ಲಿ ಎರಡು ಕುಣಿಮಗ್ಗ, ಅವುಗಳ ನಡುವೆ ಓಡಾಡಲು ಒಂದು ಗೇಣು ಜಾಗ. ಹರಿದ ಕೆರ ಹೊಲಿಸಿಕೊಂಡು ಬಂದರೆ ಅವ್ವ ಹೊಸ್ತಿಲಲ್ಲೇ ನಿಲ್ಲಿಸಿ, ಅದರ ಮೇಲೆ ಎರಡು ಹನಿ ನೀರು ಚಿಮುಕಿಸಿ, ಆಮೇಲೆ ನನ್ನನ್ನು ಒಳಗೆ ಕರೆಯುತ್ತಿದ್ದಳು. ಆದರೆ ಇದೇ ಅವ್ವ, ಇದೇ ಅಪ್ಪ ದಿನಕ್ಕೆ ಹತ್ತು ತಾಸು ಕೂತಿರುತ್ತಿದ್ದ ಮಗ್ಗದಲ್ಲಿ ಲಾಳಿಯನ್ನು ಆ ಕಡೆಯಿಂದ ಈ ಕಡೆಗೆ ಹೊಡೆಯುತ್ತಿದ್ದದ್ದು ಕೋಣದ ತೊಗಲು.

ಅದಕ್ಕೆ ಪಿಕರ್ ಎನ್ನುತ್ತಿದ್ದರು. ತೊಗಲನ್ನು ಮಡಚಿ, ಒತ್ತಿ, ಕಟ್ಟಿಗೆಯಷ್ಟು ಗಟ್ಟಿ ಮಾಡಿದ ತುಂಡು. ಹಗ್ಗ ಜಗ್ಗಿದಾಗ ಅದು ಲಾಳಿಯ ಮೊನೆಗೆ ಬಡಿಯುತ್ತದೆ, ಲಾಳಿ ಹಾರುತ್ತದೆ, ಆಚೆ ಬದಿಯ ಪಿಕರ್ ಅದನ್ನು ತಡೆಯುತ್ತದೆ. ಹೊಸ ಪಿಕರ್ ತಂದಾಗ ಅಪ್ಪ ಅದನ್ನು ವಾರಗಟ್ಟಲೆ ಎಣ್ಣೆಯಲ್ಲಿ ನೆನೆಯಿಡುತ್ತಿದ್ದ. ಎಣ್ಣೆ ಕುಡಿಯದ ಪಿಕರ್ ಒಣಗಿ ಸೀಳುತ್ತದೆ. ಆ ಎಣ್ಣೆಯ ಡಬ್ಬಿ ಮಗ್ಗದ ಪಕ್ಕದಲ್ಲೇ ಇರುತ್ತಿತ್ತು, ಹುಡುಗರು ನಾವು ಅದರಲ್ಲಿ ಬೆರಳಾಡಿಸಿ ಆಡುತ್ತಿದ್ದೆವು. ಅದಕ್ಕಾಗಿ ಯಾರೂ ನಮಗೆ ಕೈ ತೊಳೆ ಎಂದು ಹೇಳಲಿಲ್ಲ. ಹೆಸರು ಬದಲಾಗಿದ್ದರಿಂದ ಅದು ತೊಗಲೆಂಬುದು ಮನೆಯಲ್ಲಿ ಎಲ್ಲರಿಗೂ ಮರೆತೇಹೋಗಿತ್ತು. ನನಗೂ ಮರೆತಿತ್ತು. ನೆನಪಾದದ್ದು ಅರವತ್ತರ ಹತ್ತಿರ ಬಂದಮೇಲೆ, ಲಕ್ಷ್ಮೇಶ್ವರದ ಬೇವಿನ ಗಿಡದ ಕೆಳಗೆ ಒಬ್ಬ ಅಜ್ಜನ ಎದುರು ಕುಕ್ಕರಗಾಲಲ್ಲಿ ಕೂತಾಗ.

ನಾನು ಲಕ್ಷ್ಮೇಶ್ವರದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಬೆಟಗೇರಿಯಿಂದ ಗದಗ, ಮುಳಗುಂದದ ಮೇಲೆ ದಿನಾ ಬಸ್ಸು. ಹದಿನಾಲ್ಕು ವರ್ಷ ಒಂದೇ ತೊಗಲಿನ ಚೀಲ ಹೆಗಲಿಗಿತ್ತು. ನಿವೃತ್ತಿಗೆ ಎರಡು ವರ್ಷ ಇರುವಾಗ ಅದರ ಬಾರು ಹರಿಯಿತು. ಅದನ್ನು ನಾನೇ ಹೊಲಿದುಕೊಳ್ಳಬೇಕು ಅನ್ನಿಸಿದ್ದು ಯಾಕೆಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ಮಗ್ಗ ಮಾರಿದ ಮನೆಯಲ್ಲಿ ಕೈಗೆ ಕೆಲಸ ಇಲ್ಲದೆ ಬಹಳ ವರ್ಷವಾಗಿತ್ತು, ಅದೂ ಒಂದು ಕಾರಣ ಇರಬೇಕು. ಅಂಗಡಿಯಿಂದ ಒಂದು ತುಂಡು ತೊಗಲು ತಂದೆ, ಕಾಗದ ಕತ್ತರಿಸುವ ಕಟರ್ ತಂದೆ. ಕಟರಿನ ಬ್ಲೇಡು ತೊಗಲಿನೊಳಗೆ ಬಾಗಿ, ಗೆರೆ ಬಿಟ್ಟು ಓಡಿತು. ಅಂಚು ಹಲ್ಲುಹಲ್ಲಾಯಿತು. ಆ ಬಾರನ್ನು ಹಿಡಿದುಕೊಂಡೇ ಬಸ್‌ನಿಲ್ದಾಣದ ದಾರಿಯಲ್ಲಿ ಬೇವಿನ ಗಿಡದ ಕೆಳಗೆ ಕೂತು ಚಪ್ಪಲಿ ಹೊಲಿಯುವ ಆ ಅಜ್ಜನ ಬಳಿ ಹೋದೆ.

ಅಜ್ಜ ಬಾರನ್ನು ತಿರುವಿ ಮುರುವಿ ನೋಡಿದ. ಕಟರ್ ಕೇಳಿ ಇಸಿದುಕೊಂಡು ಅಂಗೈಯಲ್ಲಿ ತೂಗಿದ. “ಇದು ಕಾಗದ ಕೊಯ್ಯೂದ್ರಿ ಸರ. ತೊಗಲಿಗೆ ತೂಕ ಬೇಕು” ಎಂದು ತನ್ನ ರಂಪಿಗೆ ಕೈಗಿತ್ತ. ಅಗಲ ಬಾಯಿ, ಗಿಡ್ಡ ಹಿಡಿಕೆ, ಹಿಡಿಕೆಯ ಮೇಲೆ ಅಜ್ಜನ ಹೆಬ್ಬೆರಳು ಕೂತು ಕೂತು ಬಿದ್ದ ಒಂದು ಕುಳಿ. ತೊಗಲನ್ನು ಕಾಲಿನ ಹೆಬ್ಬೆರಳಿನಿಂದ ಒತ್ತಿ ಹಿಡಿದು, ರಂಪಿಗೆಯನ್ನು ಮುಂದಕ್ಕೆ ದೂಡಿ ತೋರಿಸಿದ. ದಪ್ಪ ತೊಗಲು ಸದ್ದಿಲ್ಲದೆ ಎರಡಾಯಿತು. ಅದೇ ರಂಪಿಗೆಯನ್ನು ಮಲಗಿಸಿ ಅಂಚನ್ನು ಹೆರೆದ. ಈರುಳ್ಳಿ ಸಿಪ್ಪೆಯಂಥ ತೆಳು ಪದರು ಸುರುಳಿಯಾಗಿ ಎದ್ದು ಬಂತು. ಕೊಯ್ಯಲು ಒಂದು, ಹೆರೆಯಲು ಒಂದು, ಮೂಲೆ ತಿರುಗಿಸಲು ಒಂದು ಎಂದು ವಿದೇಶದ ಹವ್ಯಾಸಿಗಳು ಬೇರೆ ಬೇರೆ ಚಾಕು ಇಟ್ಟುಕೊಳ್ಳುತ್ತಾರೆ, ಒಂದೊಂದಕ್ಕೆ ಸಾವಿರಾರು ರೂಪಾಯಿ. ಅಜ್ಜನ ಒಂದು ರಂಪಿಗೆ ಅಷ್ಟನ್ನೂ ಮಾಡುತ್ತಿತ್ತು.

ಮುಂದೆ ಒಂದು ಪುಸ್ತಕದಲ್ಲಿ ಈಜಿಪ್ಟಿನ ರೆಖ್‌ಮಿರೆ ಎಂಬ ಮಂತ್ರಿಯ ಸಮಾಧಿಯ ಚಿತ್ರ ನೋಡಿದೆ. ಸುಮಾರು 3,400 ವರ್ಷಗಳ ಹಿಂದಿನ ಗೋಡೆಚಿತ್ರ. ಅದರಲ್ಲಿ ಚಪ್ಪಲಿ ಮಾಡುವವರು ಕೂತಿದ್ದಾರೆ, ಒಬ್ಬನ ಕೈಯಲ್ಲಿ ಅರ್ಧಚಂದ್ರದ ಬಾಯಿಯ ಅಗಲ ಚಾಕು, ಇನ್ನೊಬ್ಬನ ಕೈಯಲ್ಲಿ ತೊಗಲು ಚುಚ್ಚುವ ಆರಿ. ಇಷ್ಟು ಹಳೆಯ ಉಪಕರಣವನ್ನು ತಿದ್ದುವ ಅಗತ್ಯ ಮನುಷ್ಯನಿಗೆ ಹೆಚ್ಚು ಬಿದ್ದಿಲ್ಲ ಅನ್ನಿಸಿತು. ನನಗೂ ಒಂದು ಬೇಕು ಅಂತಲೂ ಅನ್ನಿಸಿತು. ಕೊಳ್ಳುವ ಮಾತು ತೆಗೆದಾಗ ಅಜ್ಜ ಒಪ್ಪಲಿಲ್ಲ. “ನಿಮ್ಮ ಕೈ ನೋಡಿ ನೀವ ಮಾಡ್ಕೋರಿ. ನನ್ನ ಹಿಡಕಿ ನನ್ನ ಕೈಗಷ್ಟ ಐತಿ” ಎಂದ.

ಹೀಗೆ ನನ್ನ ಹವ್ಯಾಸದಲ್ಲಿ ತೊಗಲಿಗಿಂತ ಮೊದಲು ಕಬ್ಬಿಣ ಬಂತು.

ಬೆಟಗೇರಿಯ ಒಂದು ವರ್ಕ್‌ಶಾಪಿನ ಗುಜರಿಯಲ್ಲಿ ಪವರ್ ಹ್ಯಾಕ್ಸಾದ ಮುರಿದ ಬ್ಲೇಡು ಸಿಕ್ಕಿತು. ಒಂದೂಕಾಲು ಇಂಚು ಅಗಲ, ಹೈಸ್ಪೀಡ್ ಸ್ಟೀಲು. ಇದನ್ನು ಗರಗಸದಿಂದ ಕೊಯ್ಯಲಾಗದು, ಅದೇ ಗರಗಸ. ಎರಡೂ ಬದಿಗೆ ಗ್ರೈಂಡರಿನಿಂದ ಗೆರೆ ಕೊರೆದು, ವೈಸಿನಲ್ಲಿ ಕಚ್ಚಿಸಿ, ಗೋಣಿ ಮುಚ್ಚಿ ಸುತ್ತಿಗೆಯಿಂದ ಒಂದೇ ಏಟು ಕೊಟ್ಟರೆ ಗೆರೆಗೆ ಸರಿಯಾಗಿ ಮುರಿಯುತ್ತದೆ. ಕಣ್ಣಿಗೆ ಕನ್ನಡಕ ಇರಲೇಬೇಕು, ಚೂರು ಎಲ್ಲಿಗೆ ಹಾರುತ್ತದೋ ಹೇಳಲು ಬರುವುದಿಲ್ಲ. ಈ ಉಕ್ಕಿನ ದೊಡ್ಡ ಗುಣ ಎಂದರೆ ಸಾಣೆ ಹಿಡಿಯುವಾಗ ಕಾಯ್ದು ನೀಲಿಯಾದರೂ ಹದ ಕೆಡುವುದಿಲ್ಲ. ಸುಮಾರು 500–600 ಡಿಗ್ರಿವರೆಗೂ ಅದರ ಗಡಸುತನ ಹಾಗೇ ಇರುತ್ತದೆ. ಸಾದಾ ಉಕ್ಕು ನೀಲಿಯಾದರೆ ಅಂಚು ಮೆತ್ತಗಾದಂತೆಯೇ. ಒಂದೇ ಬದಿಗೆ ಸಾಣೆ, ಇನ್ನೊಂದು ಬದಿ ಕನ್ನಡಿಯಂತೆ ಸಮತಟ್ಟು. ಹಿಡಿಕೆಗೆ ಎರಡು ಹಲ್ಲೆ ಕಟ್ಟಿಗೆ, ನಡುವೆ ಅರಾಲ್ಡೈಟ್, ಮೇಲೆ ಹುರಿಯ ಸುತ್ತು. ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿದೆ. ನಾಲ್ಕನೆಯ ಸಲ ಅದು ನನ್ನ ಅಂಗೈಗೆ ಕೂತಿತು. ಈಗ ಅದಕ್ಕೆ ಏಳು ವರ್ಷ, ಹಿಡಿಕೆಯ ಮೇಲೆ ನನ್ನ ಹೆಬ್ಬೆರಳಿನ ಗುರುತು ಕಾಣತೊಡಗಿದೆ.

ಆರಿ ಮಾಡುವುದು ಸುಲಭ. ಸೈಕಲ್ಲಿನ ಸ್ಪೋಕನ್ನು ಗೇಣಿಗಿಂತ ಗಿಡ್ಡ ಮಾಡಿ, ಮೊನೆಯನ್ನು ದುಂಡಗೆ ಬಿಡದೆ ನಾಲ್ಕು ಮೂಲೆಯ ವಜ್ರಾಕಾರಕ್ಕೆ ಮಸೆದು, ಕಟ್ಟಿಗೆಯ ಹಿಡಿಕೆಗೆ ಬಡಿದರಾಯಿತು. ದುಂಡು ಮೊನೆ ತೊಗಲನ್ನು ಸರಿಸಿ ತೂತು ಮಾಡುತ್ತದೆ, ಮೂಲೆಯ ಮೊನೆ ಕೊಯ್ದು ದಾರಿ ಮಾಡುತ್ತದೆ. ದಾರಿಗಳೆಲ್ಲ ಒಂದೇ ಓರೆಯಲ್ಲಿ ಬಿದ್ದರೆ ಹೊಲಿಗೆಯೂ ಒಂದೇ ಓರೆಯಲ್ಲಿ ಸಾಲುಗಟ್ಟುತ್ತದೆ. ಅಜ್ಜನ ಆರಿಗೆ ತುದಿಯಲ್ಲಿ ಸಣ್ಣ ಕೊಕ್ಕೆ ಇದೆ. ಚುಚ್ಚಿ, ಕೆಳಗಿಂದ ದಾರವನ್ನು ಕೊಕ್ಕೆಗೆ ಸಿಗಿಸಿ ಮೇಲೆ ಎಳೆಯುತ್ತಾನೆ, ನಿಮಿಷಕ್ಕೆ ಎಷ್ಟೋ ಹೊಲಿಗೆ. ನಾನು ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಕಟ್ಟಿ, ಒಂದೇ ತೂತಿನಲ್ಲಿ ಎದುರುಬದಿರು ದಾಟಿಸಿ ಹೊಲಿಯುತ್ತೇನೆ. ಒಂದು ಕಡೆ ದಾರ ಸವೆದು ಹರಿದರೂ ಇನ್ನೊಂದು ಕಡೆಯದು ಬಿಡುವುದಿಲ್ಲ. ಬಹಳ ತಡ. ತಡವಾಗುವುದು ನನಗೆ ನಡೆಯುತ್ತದೆ, ಅಜ್ಜನಿಗೆ ನಡೆಯುವುದಿಲ್ಲ. ಅವನ ಎದುರು ಒಂದು ಕಾಲಲ್ಲಿ ನಿಂತವರು ಬಸ್ಸು ಹಿಡಿಯಬೇಕು.

ಕಷ್ಟ ಕೊಟ್ಟದ್ದು ಹೊಲಿಗೆಯ ತೂತುಗಳನ್ನು ಸಮ ಅಂತರದಲ್ಲಿ ಒತ್ತುವ ಹಲ್ಲಿನ ಉಳಿ. ಮೊದಲು ಸ್ಟೀಲಿನ ಫೋರ್ಕ್ ಮೊಟಕು ಮಾಡಿ ಹಲ್ಲು ಚೂಪು ಮಾಡಿದೆ. ಗುರುತು ಹಾಕಲು ಬಂತು, ಕೊಡತಿಯಿಂದ ಬಡಿದರೆ ಬಾಗಿತು. ಹಾಗಾಗಿ ಹಳೆಯ ಅರವೊಂದನ್ನು ಹಿಡಿದು ಮುಂಡರಗಿಗೆ ಹೋದೆ. ಡಂಬಳ ದಾಟಿದರೆ ಬಲಗಡೆಗೆ ಕಪ್ಪತಗುಡ್ಡದ ಸಾಲು ಕಾಣುತ್ತಿತ್ತು. ಮುಂಡರಗಿಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ತಂದೆಯದು ಕಂಬಾರಿಕೆ. ಕುಡ, ಕುಂಟೆಯ ತಾಳು, ಕುರುಪಿ, ಕುಡಗೋಲು ಬಡಿಯುವ ಕುಲುಮೆ. ಅರದ ಉಕ್ಕಿನಲ್ಲಿ ಇಂಗಾಲ ಹೆಚ್ಚು, ಗಾಜಿನಂತೆ ಗಡಸು. ಮೊದಲು ಅದನ್ನು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ರಾತ್ರಿಯಿಡೀ ನಿಧಾನ ತಣಿಯಲು ಬಿಡಬೇಕು. ಆಗ ಮೆತ್ತಗಾಗುತ್ತದೆ. ಮನೆಗೆ ತಂದು 4 ಮಿಲಿಮೀಟರಿಗೆ ಒಂದರಂತೆ ಸೀಳು ಹಾಕಿ, ಆರು ಹಲ್ಲು ತಿದ್ದಿದೆ. ಇದಕ್ಕೇ ಒಂಬತ್ತು ದಿನ ಹಿಡಿಯಿತು. ಮತ್ತೆ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದೆ. ಚಿಟ್ ಎಂದು ಒಂದು ಸಣ್ಣ ಸದ್ದು. ತೆಗೆದು ನೋಡಿದರೆ ಎರಡು ಹಲ್ಲು ಸೀಳಿದ್ದವು.

ಮುರಿದದ್ದನ್ನು ಹಿಡಿದು ಮತ್ತೆ ಮುಂಡರಗಿಗೆ ಹೋದೆ. ಕಂಬಾರರು ಬೈಯಲಿಲ್ಲ. “ನೀರಿನ ಆತುರ ಈ ಉಕ್ಕಿಗೆ ತಾಳಂಗಿಲ್ರಿ ಮಾಸ್ತರ್ರ, ಎಣ್ಣಿಗೆ ಅದ್ದರಿ” ಎಂದರು. ಎರಡನೆಯ ಉಳಿಯನ್ನು ಅವರ ಕುಲುಮೆಯಲ್ಲೇ ಕಾಯಿಸಿದೆವು. ನಾನು ಅಯಸ್ಕಾಂತ ಒಯ್ದಿದ್ದೆ. ಉಕ್ಕು ಸುಮಾರು 770 ಡಿಗ್ರಿ ದಾಟಿದಾಗ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ, ಅಲ್ಲಿಂದ ಸ್ವಲ್ಪ ಮೇಲಕ್ಕೆ ಹೋದರೆ ಅದ್ದುವ ಸಮಯ. ಕಂಬಾರರು ಬಣ್ಣ ನೋಡಿ “ಈಗ” ಎನ್ನುವುದಕ್ಕೂ ಅಯಸ್ಕಾಂತ ಕೈಬಿಟ್ಟು ಒಂದು ಉಸಿರು ಕಳೆಯುವುದಕ್ಕೂ ಸರಿಹೋಯಿತು. ಎಣ್ಣೆಯಿಂದ ತೆಗೆದು, ಒಂದು ಬದಿ ಉಜ್ಜಿ ಹೊಳಪು ಮಾಡಿ, ಮತ್ತೆ ಮೆಲ್ಲಗೆ ಕಾಯಿಸಬೇಕು. ಹೊಳಪಿನ ಮೇಲೆ ಬಣ್ಣ ಏರುತ್ತ ಬರುತ್ತದೆ. ಪುಸ್ತಕದಲ್ಲಿ 220ರಿಂದ 230 ಡಿಗ್ರಿ ಎಂದು ಬರೆದಿರುವ ಆ ತಿಳಿಹಳದಿಗೆ ಕಂಬಾರರ ಮಾತು “ಒಣಗಿದ ಜ್ವಾಳದ ದಂಟು”. ಮೂವತ್ತು ವರ್ಷ ನಾನು ಉಕ್ಕಿನ ಪಾಠವನ್ನು ಹಲಗೆಯ ಮೇಲೆ ಬರೆದಿದ್ದೆ. ಜೋಳದ ದಂಟಿನ ಬಣ್ಣ ಎಂದು ಒಮ್ಮೆ ಹೇಳಿದ್ದರೆ ಮುಂಡರಗಿ, ಶಿರಹಟ್ಟಿಯ ಯಾವ ಹುಡುಗನೂ ಅದನ್ನು ಮರೆಯುತ್ತಿರಲಿಲ್ಲ.

ಉಳಿದವು ತಾವಾಗಿ ಬಂದವು. ಹಳೆಯ ಕೊಡೆಯ ದಂಡದ ಕೊಳವೆಯನ್ನು ಚೂಪು ಮಾಡಿ, ಬದಿಗೆ ಒಂದು ಕಿಟಕಿ ಕೊರೆದು ಬೆಲ್ಟಿಗೆ ತೂತು ಹೊಡೆಯುವ ಪಂಚು ಮಾಡಿದೆ. ಕಿಟಕಿ ಇಲ್ಲದಿದ್ದರೆ ಬಿಲ್ಲೆಗಳು ಒಳಗೇ ಸಿಕ್ಕಿಕೊಳ್ಳುತ್ತವೆ. ಕೊಡತಿಗೆ ಕರಿಜಾಲಿ. ಅಂಚನ್ನು ಉಜ್ಜಿ ನುಣುಪು ಮಾಡಲು ಏನು ಬಳಸಲಿ ಎಂದು ಹುಡುಕುತ್ತಿರುವಾಗ ಅಟ್ಟದ ಮೇಲೆ ಅಪ್ಪನ ಲಾಳಿ ಸಿಕ್ಕಿತು. ಲಕ್ಷಾಂತರ ಸಲ ಎಳೆಗಳ ಮೇಲೆ ಹರಿದು ಅದರ ಕಟ್ಟಿಗೆ ಕನ್ನಡಿಯಾಗಿದೆ. ಒದ್ದೆ ಮಾಡಿದ ತೊಗಲಿನ ಅಂಚಿಗೆ ಮೇಣ ತಿಕ್ಕಿ, ಲಾಳಿಯಿಂದ ಉಜ್ಜುತ್ತೇನೆ. ಅದಕ್ಕಿಂತ ಒಳ್ಳೆಯ ಸಾಮಾನು ನನ್ನ ಪೆಟ್ಟಿಗೆಯಲ್ಲಿ ಇಲ್ಲ.

ತೊಗಲಿನ ಮಾತಿಗೆ ಬಂದರೆ, ಇಂದು ಜಗತ್ತಿನಲ್ಲಿ ಹದವಾಗುವ ತೊಗಲಿನ ಬಹುಪಾಲು ಕ್ರೋಮಿಯಂ ಲವಣದ್ದು. ಬೇಗ ಆಗುತ್ತದೆ, ಮೆತ್ತಗಿರುತ್ತದೆ, ಆದರೆ ಒತ್ತಿದ ಅಚ್ಚನ್ನು ಹಿಡಿದುಕೊಳ್ಳುವುದಿಲ್ಲ. ನನಗೆ ಬೇಕಾದದ್ದು ತೊಗಟೆಯಲ್ಲಿ ಹದವಾದದ್ದು. ಸುಣ್ಣದಲ್ಲಿ ಕೂದಲು ತೆಗೆದು, ಜಾಲಿಯ ತೊಗಟೆ, ತಂಗಡಿಯ ತೊಗಟೆ, ಅಳಲೆಕಾಯಿಯ ಒಗರಿನಲ್ಲಿ ವಾರಗಟ್ಟಲೆ ನೆನೆದದ್ದು. ಹಳದಿ ಹೂ ಬಿಡುವ ತಂಗಡಿ ನಮ್ಮ ಹೊಲದ ಬದುಗಳಲ್ಲಿ, ಕಪ್ಪತಗುಡ್ಡದ ಮಗ್ಗುಲಲ್ಲಿ ಯಾರೂ ಬಿತ್ತದೆ ಬೆಳೆಯುತ್ತದೆ. ಚಹಾದಲ್ಲಿ, ಅಡಿಕೆಯಲ್ಲಿ ನಾಲಗೆ ಹಿಡಿಯುವ ಒಗರೇ ಟ್ಯಾನಿನ್, ಅದೇ ತೊಗಲನ್ನು ಕೊಳೆಯದಂತೆ ಕಾಯುತ್ತದೆ. ಈ ಟ್ಯಾನಿನ್ನಿಗೆ ಕಬ್ಬಿಣ ತಗುಲಿದರೆ ಕಪ್ಪಾಗುತ್ತದೆ. ಅಳಲೆಕಾಯಿಗೆ ಅನ್ನಭೇದಿ ಕೂಡಿಸಿ ಹಳಬರು ಶಾಯಿ ಮಾಡುತ್ತಿದ್ದದ್ದು ಇದೇ ರಸಾಯನ. ಗೊತ್ತಿದ್ದೂ ನಾನು ಅರ ತಿಕ್ಕಿದ ಮೇಜಿನ ಮೇಲೆಯೇ ಒದ್ದೆ ತೊಗಲು ಹಾಸಿದೆ. ಕಣ್ಣಿಗೆ ಕಾಣದ ಕಬ್ಬಿಣದ ಪುಡಿ ರಾತ್ರಿಯೊಳಗೆ ನೂರು ಕಪ್ಪು ಚುಕ್ಕೆಯಾಯಿತು. ಅಂದಿನಿಂದ ಕಬ್ಬಿಣದ ಕೆಲಸ ಅಂಗಳದಲ್ಲಿ, ತೊಗಲಿನ ಕೆಲಸ ಪಡಸಾಲೆಯಲ್ಲಿ, ಮಗ್ಗದ ಕುಣಿ ಮುಚ್ಚಿದ ಜಾಗದ ಮೇಲೆ.

ಅಚ್ಚೊತ್ತುವ ಮೊದಲು ತೊಗಲನ್ನು ತೋಯಿಸಿ ಕಾಯಬೇಕು. ಮೇಲ್ಮೈ ಮೊದಲಿನ ಬಣ್ಣಕ್ಕೆ ತಿರುಗುತ್ತಿರಬೇಕು, ಒಳಗೆ ತಂಪಿರಬೇಕು. ಆ ತಂಪು ಬೆರಳಿಗೆ ತಿಳಿಯುವುದಿಲ್ಲ, ಕೆನ್ನೆಗೆ ತಿಳಿಯುತ್ತದೆ. ಒಂದು ದಿನ ನಾನು ಮತ್ತೆ ಮತ್ತೆ ಕೆನ್ನೆಗೆ ಒತ್ತಿ ನೋಡುತ್ತಿರುವಾಗ, ಮೊದಲ ವರ್ಷವಿಡೀ ಆ ಕಡೆ ಸುಳಿಯದಿದ್ದ ನನ್ನ ಹೆಂಡತಿ ಬಂದು, “ಇಲ್ಲಿ ಕೊಡ್ರಿ” ಎಂದು ತುಂಡನ್ನು ಇಸಿದುಕೊಂಡು ತನ್ನ ಕೆನ್ನೆಗೆ ಹಿಡಿದಳು. “ಇನ್ನೂ ಹದ ಬಂದಿಲ್ಲ, ತಡೀರಿ” ಎಂದಳು. ಜೋಳದ ಹಿಟ್ಟಿನ ಹದ ಬಲ್ಲವಳು, ಅವಳ ಮಾತು ಸರಿಯಿತ್ತು. ಕೈ ತೊಳೆಯದೆ ಒಳಗೆ ಹೋದಳು. ನಮ್ಮ ಮನೆಯಲ್ಲಿ ಆ ದಿನ ಒಂದು ದೊಡ್ಡ ಸಂಗತಿ ನಡೆಯಿತು ಎಂದೇ ನಾನು ತಿಳಿದಿದ್ದೇನೆ.

ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಹುಡುಗರು ತಬಲಾ ಮುಂದೆ ಕೂರುವಾಗ ಮೊದಲು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕೂತ ನೆಲ. ಅಲ್ಲಿ ಹೋದಾಗಲೆಲ್ಲ ನನ್ನ ಕಣ್ಣು ಈಗ ತಬಲಾದ ಅಂಚಿನ ಹೆಣಿಗೆಯ ಮೇಲೆ ಹೋಗುತ್ತದೆ. ಆಡಿನ ತೊಗಲಿನ ಹೊದಿಕೆ, ಹದಿನಾರು ಮನೆಗಳಲ್ಲಿ ಹಾದುಹೋಗುವ ತೊಗಲಿನ ಬಾರು, ಒಂದು ಮನೆ ಬಿಗಿ ತಪ್ಪಿದರೂ ಸ್ವರ ತಪ್ಪುತ್ತದೆ. ಪಕ್ಕದ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂತು. ಆ ಗೊಂಬೆಗಳ ಒಡವೆಗಳೆಲ್ಲ ತೊಗಲಿನಲ್ಲಿ ಕೊರೆದ ತೂತುಗಳು, ಹಿಂದಿನ ದೀಪದ ಬೆಳಕು ಅವುಗಳಲ್ಲಿ ಹಾದು ಬಂಗಾರವಾಗುತ್ತದೆ. ತಬಲಾದ ತೊಗಲಿಗೆ ನಮಸ್ಕಾರ ಮಾಡುತ್ತೇವೆ, ಗೊಂಬೆಯ ತೊಗಲಿನಲ್ಲಿ ರಾಮನನ್ನು ಕಾಣುತ್ತೇವೆ. ತೊಗಲಿನ ಕೆಲಸ ಮಾಡುವವನನ್ನು ಮಾತ್ರ ಊರ ಅಂಚಿನಲ್ಲಿ ಇಟ್ಟೆವು. ತನ್ನ ಮತ್ತು ಹೆಂಡತಿ ಕಲ್ಯಾಣಮ್ಮನ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಚಮ್ಮಾವುಗೆ ಮಾಡಿದ ಸಮಗಾರ ಹರಳಯ್ಯನ ಕತೆಯನ್ನು ನಾವು ಎಂಟುನೂರು ವರ್ಷದಿಂದ ಕಣ್ಣೀರಿಟ್ಟು ಹೇಳುತ್ತ ಬಂದಿದ್ದೇವೆ. ಅವನ ಕುಲದವರು ಹೊಲಿದ ಕೆರದ ಮೇಲೆ ನೀರು ಚಿಮುಕಿಸುವುದನ್ನು ಮಾತ್ರ ಬಿಡಲಿಲ್ಲ. ನಮ್ಮ ಮನೆಯೂ ಅದರಲ್ಲಿ ಒಂದು.

ಅಜ್ಜ ಒಮ್ಮೆ ನನ್ನ ಕನ್ನಡಕದ ಕೋಶವನ್ನು ನೋಡಿ ಹೊಲಿಗೆ ಮೆಚ್ಚಿದ. ಆಮೇಲೆ ಬಹಳ ಹೊತ್ತು ಸುಮ್ಮನಿದ್ದು ಹೇಳಿದ, “ನನ್ನ ಮೊಮ್ಮಗ ಇದನ್ನ ಮುಟ್ಟಬಾರ್ದು ಅಂತ ನಾ ದುಡದೀನ್ರಿ ಸರ. ನೀವು ಮುಟ್ಟಾಕ ಬಂದೀರಿ.” ಅದರಲ್ಲಿ ಸಿಟ್ಟಿರಲಿಲ್ಲ. ಮೊಮ್ಮಗ ಐಟಿಐ ಮುಗಿಸಿ ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದಾನೆ, ಆ ಸಂತೋಷ ಮುಖದಲ್ಲಿತ್ತು. ನನಗೆ ಉತ್ತರ ಹೊಳೆಯಲಿಲ್ಲ. ನಾನು ಬೇಕಾದಾಗ ರಂಪಿಗೆ ಹಿಡಿಯಬಹುದು, ಬೇಸರವಾದರೆ ಪೆಟ್ಟಿಗೆಗೆ ಹಾಕಬಹುದು. ನನ್ನ ಹೊಲಿಗೆಗೆ ಓಣಿಯವರು ಕಲೆ ಎನ್ನುತ್ತಾರೆ. ಅಜ್ಜನಿಗೆ ಅರವತ್ತು ವರ್ಷ ಅದೇ ಕೆಲಸಕ್ಕೆ ಸಿಕ್ಕಿದ ಹೆಸರು ಬೇರೆ.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಕೊಲ್ಹಾಪುರಿಯನ್ನೇ ಹೋಲುವ ಚಪ್ಪಲಿಗಳನ್ನು ಮೂಲ ಹೇಳದೆ ತೋರಿಸಿದಾಗ ದೇಶವೆಲ್ಲ ಸಿಟ್ಟಾಯಿತು. ಕಂಪನಿ ಆಮೇಲೆ ಭಾರತದ ಕರಕುಶಲದ ಪ್ರೇರಣೆಯೆಂದು ಒಪ್ಪಿಕೊಂಡಿತು. ಕೊಲ್ಹಾಪುರಿಯ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡಕ್ಕೂ ಸೇರಿದ್ದು. 1997ರವರೆಗೆ ಧಾರವಾಡ ಜಿಲ್ಲೆಯೊಳಗೇ ಇದ್ದ ಗದಗಿನ ಹೆಸರು ಅದರಲ್ಲಿಲ್ಲ. ಪತ್ರಿಕೆಯಲ್ಲಿ ಆ ಸುದ್ದಿ ಓದಿದ ದಿನ ನಾನು ನನ್ನ ಪೆಟ್ಟಿಗೆ ತೆರೆದು ನೋಡಿದೆ. ರಂಪಿಗೆಯ ಆಕಾರ ಅಜ್ಜನದು, ಉಳಿಯ ಹದ ಮುಂಡರಗಿಯ ಕಂಬಾರರದು, ಲಾಳಿ ಅಪ್ಪನದು. ನನ್ನ ಕೈಯಿಂದ ಮಾಡಿದ ಉಪಕರಣಗಳು ಎಂದು ಹೇಳುವಾಗ ಇವರೆಲ್ಲರನ್ನೂ ಹೇಳದೆ ಬಿಡಬಾರದು ಎಂದು ಆ ದಿನ ಗಟ್ಟಿ ಮಾಡಿಕೊಂಡೆ. ಯಾರು ಕೇಳಿದರೂ ಈಗ ಅಜ್ಜನಿಂದಲೇ ಶುರು ಮಾಡುತ್ತೇನೆ.

ಕಳೆದ ವರ್ಷ ಶಿರಹಟ್ಟಿಯ ಕಡೆಯ ಹಳೆಯ ವಿದ್ಯಾರ್ಥಿಯೊಬ್ಬ ಕಾರಹುಣ್ಣಿಮೆಗೆ ತನ್ನ ಎತ್ತುಗಳಿಗೆ ಗೆಜ್ಜೆಪಟ್ಟಿ ಬೇಕೆಂದ. ಜೋಡಿ ಪಟ್ಟಿ, ಗೆಜ್ಜೆಯ ಕೆಳಗೆ ಎರಡು ಪದರು ತೊಗಲು. ಅದನ್ನು ಒಬ್ಬನೇ ಮಾಡಲಾರೆ ಎಂದು ಅಜ್ಜನನ್ನು ಕೇಳಿದೆ. ಎರಡು ವಾರ ದಿನಾ ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಇಬ್ಬರೂ ಕೂತು ಹೊಲಿದೆವು. ಹೋಗಿ ಬರುವವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಇದ್ದರು, ನಿಂತು ಮಾತಾಡಿಸಿದರು. ಆ ಎರಡು ವಾರ ನಾನು ನೆಲದ ಮಟ್ಟದಿಂದ ಊರನ್ನು ನೋಡಿದೆ. ಜನ ಹರಿದ ಚಪ್ಪಲಿಯನ್ನು ಕಾಲಿನಿಂದಲೇ ಕಳಚಿ, ಕಾಲಿನಿಂದಲೇ ಅಜ್ಜನ ಮುಂದೆ ತಳ್ಳುತ್ತಾರೆ. ಹೊಲಿದಾದ ಮೇಲೆ ಹತ್ತರ ನಾಣ್ಯವನ್ನು ಮೇಲಿನಿಂದ ಗೋಣಿಯ ಮೇಲೆ ಹಾಕುತ್ತಾರೆ. ಕೆಟ್ಟವರೇನಲ್ಲ, ಅವಸರದಲ್ಲಿರುತ್ತಾರೆ. ಹದಿನಾಲ್ಕು ವರ್ಷ ನಾನೂ ಹಾಗೇ ಮಾಡಿದ್ದೇನೆ.

ಲಕ್ಷ್ಮೇಶ್ವರಕ್ಕೆ ಹೋದರೆ, ಅಥವಾ ನಿಮ್ಮೂರಿನ ಬಸ್‌ನಿಲ್ದಾಣದ ಎದುರು, ಚಪ್ಪಲಿಯ ಬಾರು ಹರಿದಾಗ ಬಗ್ಗಿ ಅದನ್ನು ಕೈಯಲ್ಲಿ ಎತ್ತಿ ಕೊಡಿರಿ. ಹೊಲಿದ ಮೇಲೆ ದುಡ್ಡನ್ನು ಅವರ ಕೈಯಲ್ಲೇ ಇಡಿರಿ.